ಹಾಸ್ಟೈಲ್ ಅಂದರೆ ಯಾರಿಗೆ

ಹಲಗೆಯ ಮೇಲೆ ತಾನೇ ಬರೆದ ಶಬ್ದವನ್ನು ಒರೆಸಲು ಡಸ್ಟರ್ ಎತ್ತಿದ ರತ್ನಮಾಲಾಳ ಕೈ ಮುಂದೆ ಹೋಗಲಿಲ್ಲ. ಹಾಸ್ಟೈಲ್. ಒಂಬತ್ತನೆಯ ಇಯತ್ತೆಯ ಇಂಗ್ಲಿಷ್ ಪಾಠದ ಕೊನೆಗೆ ಕೊಟ್ಟ ಹೊಸ ಶಬ್ದಗಳ ನಡುವೆ ಎಲ್ಲೋ ಇದ್ದ ಅದನ್ನು ಹಿಂದಿನ ವರ್ಷಗಳಲ್ಲೆಲ್ಲ ಒಂದೇ ಉಸಿರಿಗೆ ದಾಟಿ ಹೋಗಿದ್ದಳು. ಇವತ್ತು ಅದರ ಹತ್ತಿರ ಬಂದಾಗ ನಾಲಿಗೆ ತಡವರಿಸಿತ್ತು. ಅನ್‌ಫ್ರೆಂಡ್ಲಿ ಅಂದರೆ ಎದುರು ಬಂದರೂ ಮಾತಾಡಿಸದವನು, ಹಾಸ್ಟೈಲ್ ಅಂದರೆ ಅದಕ್ಕಿಂತ ಒಂದು ಹೆಜ್ಜೆ ಮುಂದೆ, ನಿಮ್ಮ ಕೇಡನ್ನೇ ಬಯಸುವವನು, ಮನುಷ್ಯರಿಗೆ ಹೇಳಬಹುದು, ಗುಂಪಿಗೆ ಹೇಳಬಹುದು, ಬದುಕಗೊಡದ ಹವೆಗೂ ಹೇಳಬಹುದು ಎಂದು ಮರಾಠಿಯಲ್ಲಿ ಬಿಡಿಸಿ ಹೇಳಿ, ಇದರ ಮುಂದೆ 'ಟು' ಬರುತ್ತದೆ, ಯಾರಿಗೆ ಎಂಬುದನ್ನು ಬಿಟ್ಟರೆ ವಾಕ್ಯ ಅರ್ಧ ಎಂದಿದ್ದಳು. ಹಿಂದಿನ ಬೆಂಚಿನ ಹುಡುಗನೊಬ್ಬ 'ಹಾಸ್ಟೆಲ್' ಎಂದು ಬರೆದುಕೊಂಡದ್ದಕ್ಕೆ ವರ್ಗವೆಲ್ಲ ನಕ್ಕಿತ್ತು. ನಗು ಅಡಗಿದ ಮೇಲೆ ಕಿಟಕಿಯ ಬದಿಯ ಪ್ರಿಯದರ್ಶನಿ ಎದ್ದು ನಿಂತಳು. ಮನೆಮಾತು ಕನ್ನಡದ ಆ ಹುಡುಗಿಗೆ ಕೇಳುವ ಚಟ. "ಮ್ಯಾಡಮ್, ಪೇಪರಿನ್ಯಾಗ ಸಾಕ್ಷೀದಾರ ಹಾಸ್ಟೈಲ್ ಆದ ಅಂತ ಬರೀತಾರಲ್ರಿ, ಅಲ್ಲಿ ಮುಂದ ಟು ಇರೂದಿಲ್ಲ. ಅವ ಯಾರಿಗೆ ಹಾಸ್ಟೈಲ್ ಆಗ್ತಾನ್ರಿ?" ಹುಡುಗಿಯ ಮುಖದಲ್ಲಿ ಕುಚೋದ್ಯವೇನಾದರೂ ಇದೆಯೇ ಎಂದು ರತ್ನಮಾಲಾ ಹುಡುಕಿದಳು. ಇರಲಿಲ್ಲ. ಇದ್ದಿದ್ದರೆ ಗದರಿಸಿ ಕೂಡಿಸಬಹುದಿತ್ತು. "ಅದು ಕೋರ್ಟಿನ ಶಬ್ದ, ಪರೀಕ್ಷೆಗೆ ಬರೂದಿಲ್ಲ" ಎಂದಳು. ಈಗ ವರ್ಗ ಖಾಲಿಯಾಗಿ, ಬೆಂಚುಗಳೆಲ್ಲ ಅವಳತ್ತ ಮುಖ ಮಾಡಿ ಕೂತಿದ್ದವು. ನಾಳೆ ಗಡಹಿಂಗ್ಲಜದ ಕೋರ್ಟಿನಲ್ಲಿ ಅವಳ ಸಾಕ್ಷಿ.

ರಜೆಯ ಅರ್ಜಿಗೆ ಸಹಿ ಹಾಕುತ್ತ ಹೆಡ್‌ಮಾಸ್ತರರು ಮುಖವೆತ್ತದೆ, "ಸಂಭಾಳಿಸಿ ಮಾತಾಡ್ರಿ ಮ್ಯಾಡಮ್" ಎಂದರು. ಅವರಿಗೆ ಗೊತ್ತಿದೆ. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಗೊತ್ತಿದೆ. ಅವಳು ಒಳಗೆ ಬಂದೊಡನೆ ಮಾತು ನಿಲ್ಲುತ್ತಿರಲಿಲ್ಲ, ಬದಲಿಗೆ ಜೋರಾಗುತ್ತಿತ್ತು, ಯಾರಾದರೂ ಕುರ್ಚಿ ಎಳೆದು ಕೊಡುತ್ತಿದ್ದರು. ಇಚಲಕರಂಜಿಯ ಓಣಿಗಳಲ್ಲಿ ಮಗ್ಗಗಳ ಸದ್ದಿನ ನಡುವೆ ಮನೆಗೆ ನಡೆಯುವಾಗ ಅವಳಿಗೆ ಅನ್ನಿಸಿತು, ಈ ತಿಂಗಳೆಲ್ಲ ತನ್ನ ಮೇಲೆ ಯಾರೂ ಒಂದು ಬಿರುಸು ಮಾತು ಆಡಿಲ್ಲ. ಸಂಜೆ ಬಾಗಿಲಿಗೆ ಬರುವ ತರಕಾರಿಯವ ಕೂಡ ಒಂದು ಹಿಡಿ ಕೊತ್ತಂಬರಿ ಹೆಚ್ಚಿಗೆ ಹಾಕುತ್ತಾನೆ. ಮನೆಯಿದ್ದದ್ದು ಬಾಪೂಸಾಹೇಬನ ಕಂಪೌಂಡಿನಲ್ಲಿ, ಅವನ ಮಗ್ಗದ ಶೆಡ್ಡಿಗೆ ಅಂಟಿಕೊಂಡು. ಬಾಪೂಸಾಹೇಬ ಅವಳ ಗಂಡ ಧನಪಾಲನ ಚಿಕ್ಕಪ್ಪನ ಮಗ. ವಯಸ್ಸಿನಲ್ಲಿ ಕಿರಿಯ, ಆದರೆ ಶೆಡ್ಡು ಅವನದು, ಧನಪಾಲ ಅದರ ಮ್ಯಾನೇಜರ. ಗಡಹಿಂಗ್ಲಜ ಕಡೆಗೆ ಕಬ್ಬಿನ ಹೊಲಗಳೂ ಅವನವೇ. ಗೇಟು ದಾಟುವಾಗ ಬಾಪೂಸಾಹೇಬನ ತಾಯಿ ಸೋನಾಬಾಯಿ ಪಡಸಾಲೆಯಿಂದ ಕೂಗಿದಳು: "ಬಂದೇನ ರತ್ನಾ? ನಿಂಗ ಸೇರತೈತಂತ ಕರಿಗಡಬ ಕಳಿಸೇನಿ, ಬಿಸಿ ಇದ್ದಾಗ ತಿನ್ನು." ಮದುವೆಯಾಗಿ ಬಂದ ಇಷ್ಟು ವರ್ಷಗಳಲ್ಲಿ ತನಗೆ ಏನು ಸೇರುತ್ತದೆ ಎಂದು ಆ ಮುದುಕಿ ಕೇಳಿದ್ದಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಮುಚ್ಚಿಟ್ಟ ಸ್ಟೀಲಿನ ಡಬ್ಬಿ ಇತ್ತು. ರತ್ನಮಾಲಾ ಅದನ್ನು ತೆರೆಯಲಿಲ್ಲ, ಪಕ್ಕಕ್ಕೂ ಸರಿಸಲಿಲ್ಲ; ಅದರ ಬದಿಯಲ್ಲೇ ಕಣಕ ನಾದಿದಳು.

ಹೊತ್ತು ಮುಳುಗುವ ಮೊದಲಿನ ಊಟಕ್ಕೆ ಧನಪಾಲ ಕೂತಿದ್ದಾಗಲೇ ಬಾಪೂಸಾಹೇಬ ಬಂದ. ಚಪ್ಪಲಿ ಹೊರಗೆ ಬಿಟ್ಟು, ಒಳಗೆ ಬಂದು, ನೆಲದ ಮೇಲೆಯೇ ಕೂತ. "ಕುರ್ಚಿ ಬ್ಯಾಡ ವೈನಿ, ಮನೀ ಮಂದಿ ನಾವು. ನಾಳೆ ಮುಂಜಾನೆ ಗಾಡಿ ತರತೇವು. ನೀವಿಬ್ಬರೂ ನಮ್ಮ ಜೋಡೀನ ಹೋಗೂನು. ಬಸ್ಸಿನ್ಯಾಗ ಧೂಳಾ, ಗದ್ದಲಾ, ನಿಮಗ ತಲಿ ಹಿಡೀತೈತಿ." ಅವನು ನಾಳಿನ ಸಾಕ್ಷಿಯ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ಕೊಲ್ಹಾಪುರದಲ್ಲಿ ಓದುತ್ತಿರುವ ಅವಳ ಮಗಳು ಸೋನಲಳ ಆರೋಗ್ಯ ವಿಚಾರಿಸಿದ, ಆ ಹಾಸ್ಟೆಲಿನ ನೀರು ಚಲೋ ಇಲ್ಲ ಎಂದ, ಹಾಸ್ಟೆಲಿನ ಎದುರಿನ ಗಲ್ಲಿಯಲ್ಲಿ ನಮ್ಮವರೇ ಒಬ್ಬರಿದ್ದಾರೆ, ದಿನಾ ಒಮ್ಮೆ ಅವಳ ಮೇಲೆ ಕಣ್ಣಿಟ್ಟಿರುತ್ತಾರೆ, ಚಿಂತಿ ಬಿಡ್ರಿ ಎಂದ. ಧನಪಾಲ ಗಂಟಲು ಸರಿಮಾಡಿಕೊಂಡ. ಬಾಪೂಸಾಹೇಬ ಎದ್ದು ಹೋದ ಮೇಲೂ ಅವನು ತಾಟಿನಲ್ಲಿ ಕೈ ಆಡಿಸುತ್ತಲೇ ಇದ್ದ.

"ಕಣ್ಣಿಟ್ಟಾರಂದ್ರ ಏನ್ರಿ?" ಎಂದಳು ರತ್ನಮಾಲಾ.

"ಕಾಳಜೀಲೆ ಅಂದ ಅವ. ನೀ ಎಲ್ಲಾದ್ರಾಗೂ ಅರ್ಥ ಹುಡುಕಬ್ಯಾಡ."

"ನಾ ಕಂಡಿದ್ದನ್ನ ಅವತ್ತ ಪೋಲೀಸರಿಗೆ ಹೇಳಿ ಬಿಟ್ಟೇನಿ."

"ಅವತ್ತ ನೀ ಗಾಬರಿ ಆಗಿದ್ದಿ. ಗಾಬರ್ಯಾಗ ಹೇಳಿದ್ದು ಬ್ಯಾರೆ." ಧನಪಾಲ ನೀರು ಕುಡಿದ. ಅವಳ ಕಡೆ ನೋಡದೆ, ಬೇಡಿಕೊಳ್ಳುವಂಥ ದನಿಯಲ್ಲಿ, "ಯಾರೂ ನಿನಗ ಸುಳ್ಳ ಹೇಳಂತ ಅಂದಿಲ್ಲ. ನೆನಪಿಲ್ಲ ಅಂದ್ರ ಸುಳ್ಳೇನು? ಮನಶ್ಯಾ ಮರೀತಾನ" ಎಂದ.

ನೆನಪಿಲ್ಲ ಎನ್ನುವುದನ್ನು ಅವಳಿಗೆ ಕಲಿಸಿದ್ದು ಕಳೆದ ರವಿವಾರ, ಕೊಲ್ಹಾಪುರದಲ್ಲಿ, ಬಾಪೂಸಾಹೇಬ ಹಿಡಿದ ವಕೀಲರ ಆಫೀಸಿನಲ್ಲಿ. ತಣ್ಣನೆಯ ಖೋಲಿ, ಗಾಜಿನ ಮೇಜು, ಮೊದಲು ಚಹಾ, ಆಮೇಲೆ ಬಿಸ್ಕೀಟು. ವಕೀಲರು ಅವಳನ್ನು 'ಟೀಚರ್' ಎಂದೇ ಕರೆದರು. ಪೋಲೀಸರಿಗೆ ಕೊಟ್ಟ ಹೇಳಿಕೆಯ ಒಂದೊಂದು ಮಾತನ್ನೂ ಓದಿ, ಪ್ರತಿಯೊಂದರ ಕೊನೆಗೆ ನಗುತ್ತ ಅವಳ ಮುಖ ನೋಡುತ್ತಿದ್ದರು. ಅವಳು "ಮಲಾ ಆಠವತ ನಾಹಿ" ಅನ್ನಬೇಕು. ಮೊದಲ ಸಲ ದನಿ ಸಣ್ಣಗಾಯಿತು ಎಂದರು. ಎರಡನೆಯ ಸಲ ಬಹಳ ಬೇಗ ಹೇಳಿದಿರಿ, ಸ್ವಲ್ಪ ಯೋಚಿಸಿದ ಹಾಗೆ ಇರಲಿ ಎಂದರು. ಕೊನೆಗೆ "ಶಾಬಾಸ್" ಎಂದಾಗ, ತಾನೂ ದಿನಾ ಮಕ್ಕಳಿಗೆ ಇದೇ ದನಿಯಲ್ಲಿ ಶಾಬಾಸ್ ಎನ್ನುತ್ತೇನಲ್ಲ ಎಂದು ಅವಳ ಕಿವಿ ಬಿಸಿಯಾಯಿತು. ಹೊರಡುವಾಗ ವಕೀಲರು, "ಸರಕಾರಿ ವಕೀಲ ನಿಮ್ಮನ್ನು ಹಾಸ್ಟೈಲ್ ಅಂತ ಘೋಷಿಸುತ್ತಾನೆ. ಅದೊಂದು ಶಬ್ದ ಅಷ್ಟೇ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ" ಎಂದಿದ್ದರು. ಮೆಟ್ಟಿಲಿಳಿಯುವಾಗ ಬಾಪೂಸಾಹೇಬನ ಮಗ ಕುಣಾಲ ಅವಳ ಮೊಣಕೈ ಹಿಡಿದು, "ಸಾವಕಾಶ ದೊಡ್ಡವ್ವಾ, ಜಾರತೈತಿ" ಎಂದಿದ್ದ. ಆ ಕೈ ಬೆಚ್ಚಗಿತ್ತು. ಬೆಚ್ಚಗಿದ್ದದ್ದೇ ಅವಳಿಗೆ ತಡೆಯಲಾಗಲಿಲ್ಲ.

ಮರುದಿನ ಮುಂಜಾನೆ ಬಿಳಿ ಗಾಡಿ ಗೇಟಿನ ಎದುರು ನಿಂತಾಗ ಸ್ಟೇರಿಂಗಿನ ಹಿಂದೆ ಕುಣಾಲನೇ ಇದ್ದ. ಜಾಮೀನಿನ ಮೇಲೆ ಹೊರಗಿರುವ ಹುಡುಗ, ಇವತ್ತು ಅವನ ಮೇಲಿನ ಕೊಲೆಯ ಕೇಸಿನಲ್ಲೇ ಅವಳ ಸಾಕ್ಷಿ, ಅವನೇ ಅವಳಿಗಾಗಿ ಹಿಂದಿನ ಬಾಗಿಲು ತೆರೆದು ಹಿಡಿದ. ಧನಪಾಲ ಮುಂದೆ ಕೂತ, ಬಾಪೂಸಾಹೇಬ ಅವಳ ಪಕ್ಕದಲ್ಲಿ, ನಡುವೆ ಊಟದ ಡಬ್ಬಿ. ಕಾಗಲ ದಾಟಿ ನಿಪ್ಪಾಣಿ ಬಂತು, ಅಂಗಡಿಗಳ ಬೋರ್ಡುಗಳು ಕನ್ನಡಕ್ಕೆ ತಿರುಗಿದವು, ಸಂಕೇಶ್ವರ ದಾಟಿದ ಮೇಲೆ ಮತ್ತೆ ಮರಾಠಿಯಾದವು. ಕಬ್ಬು ಎರಡೂ ಕಡೆ ರಸ್ತೆಯನ್ನು ಒತ್ತಿಕೊಂಡು ಬರುತ್ತಿತ್ತು. ಅವತ್ತೂ ಕಬ್ಬು ಇಷ್ಟೇ ಎತ್ತರ ಇತ್ತು. ಜೈನರ ದಶಲಕ್ಷಣ ಪರ್ವ ಮುಗಿದು, ಮನೆಮಂದಿಯೆಲ್ಲ ಒಬ್ಬರಿಗೊಬ್ಬರು ಕೈಮುಗಿದು ಕ್ಷಮೆ ಕೇಳಿಕೊಂಡ ಮರುವಾರ. "ಹೊಲಾ ತೋರಸ್ತೀನಿ ಬಾ ದೊಡ್ಡವ್ವಾ" ಎಂದು ಕುಣಾಲನೇ ಅವಳನ್ನು ಕರೆದೊಯ್ದಿದ್ದ. ನೇಸರಿ ಎಂಬ ಊರಿನ ಕಡೆಯ ಒಬ್ಬ ಕುರಿಗಾರನ ಹಿಂಡು ಬದುವಿನ ಮೇಲಿತ್ತು, ಒಂದೆರಡು ಕುರಿ ಕಬ್ಬಿಗೆ ಬಾಯಿ ಹಾಕಿದ್ದವು. ಕುಣಾಲ ಗಾಡಿ ನಿಲ್ಲಿಸಿ, ಹಿಂದೆ ಬಂದು, ಡಿಕ್ಕಿಯಿಂದ ಏನೋ ತೆಗೆದುಕೊಂಡ. ಕಬ್ಬಿಣ ಕಬ್ಬಿಣಕ್ಕೆ ತಾಗಿದ ಸದ್ದು ಅವಳ ಬೆನ್ನ ಹಿಂದೆಯೇ ಆಯಿತು. ಕುರಿಗಾರ ಕೈ ಮುಗಿದುಕೊಂಡೇ ಎದುರು ಬಂದ. ಮುಗಿದ ಕೈಗಳು ತಲೆಯನ್ನು ಕಾಯಲು ಮೇಲಕ್ಕೆ ಏಳುವಷ್ಟರಲ್ಲಿ ಮೊದಲ ಏಟು ಬಿದ್ದಿತ್ತು. ಅವಳು ಗಾಜಿನ ಒಳಗಿದ್ದಳು. ಕೂಗಿದಳೋ ಇಲ್ಲವೋ. ಬಿದ್ದವನ ಮೇಲೆ ಮತ್ತೊಂದು ಏಟು ಬಿದ್ದಾಗ ಮಾತ್ರ ಬಾಗಿಲು ತೆರೆದುಕೊಂಡು ಓಡಿದ್ದಳು. ಕುಣಾಲ ಅವಳನ್ನು ನೋಡಿ, ಏನೋ ಮುಟ್ಟಬಾರದ್ದನ್ನು ಮುಟ್ಟಿದ ಮಗುವಿನ ಹಾಗೆ ರಾಡನ್ನು ಬೆನ್ನ ಹಿಂದೆ ಹಿಡಿದು, "ಮಂದಿನ್ನ ಕರಕೊಂಡ ಬರತೇನಿ" ಎಂದು ಗಾಡಿ ಹತ್ತಿ ಹೋದ. ಮಂದಿ ಬರಲಿಲ್ಲ. ಅಷ್ಟು ದೊಡ್ಡ ಬಯಲಿನಲ್ಲಿ ಅವಳು, ಬಿದ್ದವನು, ಕುರಿಗಳು.

"ಎಸಿ ಥಂಡಿ ಆತೇನ ದೊಡ್ಡವ್ವಾ?" ಕನ್ನಡಿಯಲ್ಲಿ ಕುಣಾಲನ ಕಣ್ಣು ಅವಳನ್ನು ನೋಡುತ್ತಿದ್ದವು.

"ಇಲ್ಲ" ಎಂದಳು.

ಕೋರ್ಟಿನ ಖೋಲಿ ಅವಳು ಅಂದುಕೊಂಡದ್ದಕ್ಕಿಂತ ಚಿಕ್ಕದಿತ್ತು, ಅವಳ ವರ್ಗದಷ್ಟೇ. ಹಿಂದಿನ ಬೆಂಚಿನ ತುದಿಯಲ್ಲಿ ಸತ್ತ ಕುರಿಗಾರ ಧೋಂಡಿಬಾನ ಹೆಂಡತಿ ಯಮುನವ್ವ, ಅವನ ತಮ್ಮ ದತ್ತಾ ಕೂತಿದ್ದರು. ದತ್ತಾ ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದ. ಜಡ್ಜಸಾಹೇಬರು ಶಿಕ್ಷಕಿಯೇ ಎಂದು ಕೇಳಿ, ಹೌದೆಂದಾಗ ಗೌರವದಿಂದ ತಲೆ ಆಡಿಸಿದರು. ಸರಕಾರಿ ವಕೀಲ ಬಸಗೊಂಡ ಪಾಟೀಲ ದಣಿದ ಮುಖದ ಮನುಷ್ಯ. ಉತ್ತರ ಮೊದಲೇ ಗೊತ್ತಿದ್ದವನ ಹಾಗೆ ಪ್ರಶ್ನೆ ಕೇಳುತ್ತಿದ್ದ. ಅಂದು ಆರೋಪಿಯ ಜೊತೆ ಗಾಡಿಯಲ್ಲಿದ್ದಿರಾ? ಇದ್ದೆ. ಗಾಡಿ ನಿಂತ ಮೇಲೆ ಏನಾಯಿತು? ಅವಳು ಸ್ವಲ್ಪ ಯೋಚಿಸಿದ ಹಾಗೆ ಮಾಡಿ, "ಮಲಾ ಆಠವತ ನಾಹಿ" ಎಂದಳು. ತನ್ನ ದನಿ ಎಷ್ಟು ಸ್ಪಷ್ಟವಾಗಿತ್ತೆಂದರೆ ಅವಳಿಗೇ ಹೆದರಿಕೆಯಾಯಿತು. ಆರೋಪಿಯ ಕೈಯಲ್ಲಿ ಏನಿತ್ತು? ನೆನಪಿಲ್ಲ. ಯಾರನ್ನು ಹೊಡೆದ? ನೆನಪಿಲ್ಲ. ಪ್ರತಿ ಸಲವೂ ಟೈಪಿಸ್ಟನ ಬೆರಳು ಅದೇ ಕೀಲಿಗಳ ಮೇಲೆ ಅದೇ ಕ್ರಮದಲ್ಲಿ ಓಡುತ್ತಿದ್ದವು. ಬಸಗೊಂಡ ಪಾಟೀಲ ಕನ್ನಡಕ ತೆಗೆದು, ಸಾಕ್ಷೀದಾರಳನ್ನು ಹಾಸ್ಟೈಲ್ ಎಂದು ಪರಿಗಣಿಸಿ ಪಾಟೀಸವಾಲಿಗೆ ಅನುಮತಿ ಕೊಡಬೇಕು ಎಂದು ಕೇಳಿದ. ಎಲ್ಲೋ ಹಿಂದೆ ಯಾರೋ ಇನ್ನೊಬ್ಬರಿಗೆ "ಫಿತೂರ ಆದಳು" ಎಂದು ಪಿಸುಗುಟ್ಟಿದರು. ಮರಾಠಿಯ ಆ ಶಬ್ದದಲ್ಲಿ ಶತ್ರು ಇರಲಿಲ್ಲ, ಮೋಸಗಾರ ಇದ್ದ. ತನ್ನವರನ್ನೇ ಹಿಡಿದು ಕೊಟ್ಟವನು. ಕನ್ನಡದಲ್ಲಾದರೆ ತಿರುಗಿಬಿದ್ದಳು ಎನ್ನುತ್ತಾರೆ. ಯಾರಿಂದ ತಿರುಗಿ ಯಾರ ಕಡೆಗೆ? ಆರೋಪಿಯ ಕಟಕಟೆಯಲ್ಲಿ ಕುಣಾಲ, ಅವನ ಹಿಂದೆ ಬಾಪೂಸಾಹೇಬ, ಧನಪಾಲ, ಮೂವರ ಮುಖದಲ್ಲೂ ಸೋನಾಬಾಯಿಯ ಡಬ್ಬಿಯಂಥ ಮುಚ್ಚಿದ ಪ್ರೀತಿ. ಲೋಕದಲ್ಲಿ ತನಗೆ ಶತ್ರುಗಳೇ ಇಲ್ಲ ಎಂದು ಅವಳಿಗೆ ಹೊಳೆದು ಮೈ ಜುಮ್ಮೆಂದಿತು. ಜಡ್ಜಸಾಹೇಬರು ಗಡಿಯಾರ ನೋಡಿ, ಊಟದ ನಂತರ ಮುಂದುವರಿಸೋಣ ಎಂದು ಎದ್ದರು.

ಹೊರಗೆ ಬೇವಿನ ಗಿಡದ ಕೆಳಗೆ ಅವಳು ನಿಂತಿದ್ದಾಗ ಯಮುನವ್ವ ಬಂದಳು. ಅಳುತ್ತಾಳೆ, ಮಣ್ಣು ತೂರುತ್ತಾಳೆ, ಶಪಿಸುತ್ತಾಳೆ ಎಂದು ರತ್ನಮಾಲಾ ಕಾದಳು. ಹಾಗೇನಾದರೂ ಮಾಡಿದರೆ ಹಗುರಾದೀತು ಎಂದೂ ಒಳಗೊಳಗೇ ಬಯಸಿದಳು. ಯಮುನವ್ವ ಸೆರಗನ್ನು ಬಾಯಿಗೆ ಹಿಡಿದು ಮಾತಾಡಿದಳು.

"ಅಕ್ಕಾರ, ನೀವ ಒಳಗ ಏನ ಹೇಳಿದ್ರೂ ಅದು ನಿಮ್ಮ ಮನೀ ಮಾತು. ನಾ ಅದನ್ನ ಕೇಳಾಕ ಬಂದಿಲ್ಲ. ಅವಗ ನೀರ ಕುಡಿಸಿದವರು ನೀವಂತ ಪೋಲೀಸರು ಹೇಳಿದ್ರು. ಖರೇ ಏನ್ರಿ?"

ರತ್ನಮಾಲಾ ಗಾಡಿ ನಿಂತಿದ್ದ ಕಡೆ ನೋಡಿದಳು.

"ಸಾಯೂ ಮುಂದ ಏನರ ಅಂದ್ನೇನ್ರಿ? ನನ್ನ ಹೆಸರ ತಗೊಂಡ್ನೋ, ಹುಡುಗರನ್ನ ನೆನಿಸಿದ್ನೋ? ಅದೊಂದ ಹೇಳಿಬಿಡ್ರಿ. ಯಾರ ಮುಂದೂ ಅನ್ನೂದಿಲ್ಲ."

ಹೇಳಬಹುದಿತ್ತು. ನಾಲ್ಕು ಮಾತು. ಆದರೆ ಅಷ್ಟರಲ್ಲಿ ಬಾಪೂಸಾಹೇಬ ಡಬ್ಬಿ ಹಿಡಿದುಕೊಂಡು ಗಿಡದ ಬುಡಕ್ಕೆ ಬಂದಿದ್ದ. "ಊಟಾ ಮಾಡೂನು ಬರ್ರಿ ವೈನಿ" ಎಂದು ಹೇಳಿ, ಯಮುನವ್ವನ ಕಡೆ ತಿರುಗಿ, ಅದೇ ಮೆತ್ತನೆಯ ದನಿಯಲ್ಲಿ, "ನೀನೂ ಒಂದ ತುತ್ತ ಉಣ್ಣವ್ವಾ, ದೂರದಿಂದ ಬಂದಿ. ವೈನಿಯವ್ರಿಗೆ ತ್ರಾಸ ಕೊಡಬ್ಯಾಡ, ಅವ್ರಿಗೆ ಅವತ್ತಿಂದು ಏನೂ ನೆನಪಿಲ್ಲ" ಎಂದ. ಯಮುನವ್ವ ಬಗಲಿನ ಗಂಟು ತೋರಿಸಿ, "ನಂದ ರೊಟ್ಟಿ ಐತ್ರಿ" ಎಂದು ಹಿಂದೆ ಸರಿದಳು. ರತ್ನಮಾಲಾ ಚಪಾತಿ ಮುರಿದಳು. ಬಾಯಲ್ಲಿ ಅದು ಅರಿವೆಯ ಹಾಗೆ ತಿರುಗಿತು, ಇಳಿಯಲಿಲ್ಲ. ಸತ್ತವನ ಕೊನೆಯ ಮಾತು ಇರುವುದು ಇಡೀ ಲೋಕದಲ್ಲಿ ತನ್ನೊಬ್ಬಳ ಹತ್ತಿರ. ಅದು ಅವನ ಹೆಂಡತಿಗೆ ಸೇರಿದ ವಸ್ತು. ಮುಂಜಾನೆಯಿಂದ ತಾನು ಹೇಳಿದ್ದು ಬರೀ ಸುಳ್ಳಲ್ಲ, ಕಳವು ಕೂಡ ಎಂದು ಅನ್ನಿಸಿದಾಗ ಅವಳು ತುತ್ತನ್ನು ಕಾಗದದಲ್ಲಿ ಉಗುಳಿದಳು. "ಉಪ್ಪ ಕಡಿಮಿ ಆಗೇತೇನ?" ಎಂದ ಧನಪಾಲ.

ಮಧ್ಯಾಹ್ನ ಬಸಗೊಂಡ ಪಾಟೀಲ ಎದ್ದು ನಿಂತಾಗ ಅವನಿಗೂ ಉತ್ಸಾಹವಿರಲಿಲ್ಲ. "ಇವತ್ತು ಇಚಲಕರಂಜಿಯಿಂದ ಯಾರ ಗಾಡಿಯಲ್ಲಿ ಬಂದಿರಿ?" ಎಂದು ಕೇಳಿದ.

"ಬಾಪೂಸಾಹೇಬರ ಗಾಡಿಯಲ್ಲಿ."

"ನಡೆಸಿದವರು ಯಾರು?"

"ಕುಣಾಲ."

ಖೋಲಿಯಲ್ಲಿ ಸಣ್ಣ ನಗೆ ಹಾಯಿತು. ಟೈಪಿಸ್ಟನೂ ನಕ್ಕ. ಪಾಟೀಲ ಪೋಲೀಸರ ಮುಂದಿನ ಹೇಳಿಕೆಯನ್ನು ಓದಿದ. ಇದು ನಿಮ್ಮದೇ ಹೇಳಿಕೆ ತಾನೆ? ಬಿದ್ದವನಿಗೆ ನಿಮ್ಮ ಬಾಟಲಿಯಿಂದ ನೀರು ಕುಡಿಸಿದೆ ಎಂದು ಹೇಳಿದ್ದು ನಿಜವೋ ಸುಳ್ಳೋ? ಕೊಲ್ಹಾಪುರದ ವಕೀಲರು ಆಗಲೇ ಕುರ್ಚಿಯಿಂದ ಅರ್ಧ ಎದ್ದಿದ್ದರು. ಅವಳ ತುಟಿಯ ಮೇಲೆ ನೆನಪಿಲ್ಲ ಎಂಬ ಆ ವಾಕ್ಯ ಬಂದೇ ಇತ್ತು. ಹಿಂದಿನ ಬೆಂಚಿನಲ್ಲಿ ಯಮುನವ್ವ ಅವಳತ್ತ ನೋಡುತ್ತಿರಲಿಲ್ಲ, ಮಡಿಲಲ್ಲಿದ್ದ ಗಂಟನ್ನು ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು.

"ಕುಡಿಸಿದೆ" ಎಂದಳು ರತ್ನಮಾಲಾ.

ಪಾಟೀಲ ಕಾಗದದಿಂದ ಮುಖವೆತ್ತಿದ. "ಅವನಿಗೆ ಎಚ್ಚರ ಇತ್ತೆ?"

"ಇತ್ತು. ಮಾತಾಡಿದ. ಕನ್ನಡದಾಗ ಮಾತಾಡಿದ." ಅವಳಿಗೆ ಅರಿವಿಲ್ಲದೆ ಮರಾಠಿ ಬಿಟ್ಟುಹೋಗಿತ್ತು. "'ಅವ್ವಾರ, ಕುರಿ ತರುಬ್ರಿ. ಕಬ್ಬಿನ್ಯಾಗ ಹೊಕ್ಕಾವು. ಸಾವುಕಾರ್ರು ಸಿಟ್ಟಾಗ್ತಾರ' ಅಂದ. ಅಷ್ಟ ಅಂದ. ಅಷ್ಟೊತ್ತಿಗೆ ಕುಣಾಲ ಎರಡು ಏಟು ಹೊಡದು ಹೋಗಿದ್ದ. ಗಾಡೀ ಡಿಕ್ಕಿಯಾಗಿನ ಕಬ್ಬಿಣದ ರಾಡು. ನಾ ಕಣ್ಣಾರೆ ಕಂಡೇನಿ. ಮುಂಜಾನೆ ನೆನಪಿಲ್ಲಂತ ಹೇಳಿದ್ದು ಸುಳ್ಳು."

ಜಡ್ಜಸಾಹೇಬರು, ಮೃತನು ಹೇಳಿದ್ದನ್ನು ಮರಾಠಿಯಲ್ಲಿ ಹೇಳಿ ಎಂದರು. ತರುಬುವುದು ಅಂದರೆ ಅಡ್ಡಗಟ್ಟಿ ತಡೆಯುವುದು ಎಂದು ಮೊದಲುಮಾಡಿ, ಮಕ್ಕಳಿಗೆ ಹೇಳಿಕೊಡುವಂತೆ ಅವಳು ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು. ಸಿಟ್ಟಾಗುತ್ತಾರೆ ಎನ್ನುವಲ್ಲಿಗೆ ಬಂದಾಗ ಹಿಂದಿನ ಬೆಂಚಿನಿಂದ ಒಂದು ಸದ್ದು ಬಂತು, ಅಳುವಿನಂಥದಲ್ಲ, ಕೆಮ್ಮಿನಂಥದು. ಆಮೇಲೆ ಕೊಲ್ಹಾಪುರದ ವಕೀಲರು ಬಹಳ ಹೊತ್ತು ಅವಳನ್ನು ಕೇಳಿದರು. ಯಾವುದು ಸುಳ್ಳು, ಮುಂಜಾನೆಯದೋ ಈಗಿನದೋ, ಒಂದು ದಿನಕ್ಕೆ ಎರಡು ನಾಲಿಗೆಯೋ, ಮಕ್ಕಳಿಗೂ ಇದನ್ನೇ ಕಲಿಸುತ್ತೀರೋ. ಎಲ್ಲಕ್ಕೂ ಅವಳು ಉತ್ತರ ಕೊಟ್ಟಳು. ಅವರ ದನಿಯಲ್ಲಿ ಈಗ ಬಿರುಸಿತ್ತು, ಅದನ್ನು ಕೇಳಿ ಅವಳಿಗೆ ವಿಚಿತ್ರವಾಗಿ ಉಸಿರು ಸರಾಗವಾಯಿತು.

ಹೊರಗೆ ಬಿಸಿಲು ಇಳಿಮುಖವಾಗಿತ್ತು. ಬಿಳಿ ಗಾಡಿಯ ಹಿಂದಿನ ಬಾಗಿಲನ್ನು ಬಾಪೂಸಾಹೇಬನೇ ತೆರೆದು ಹಿಡಿದುಕೊಂಡಿದ್ದ. ಮುಖದ ಮೇಲಿನ ನಗೆ ಮುಂಜಾನೆ ಎಷ್ಟಿತ್ತೋ ಅಷ್ಟೇ ಇತ್ತು, ಒಂದೆಳೆ ಕಡಿಮೆಯಾಗಿರಲಿಲ್ಲ. "ಬರ್ರಿ ವೈನಿ, ಮನೀಗೆ ಹೋಗೂನು" ಎಂದ. ಸ್ಟೇರಿಂಗಿನ ಹಿಂದೆ ಕುಣಾಲ. ಧನಪಾಲ ಆಗಲೇ ಮುಂದೆ ಕೂತು ಎದುರಿನ ಗಾಜನ್ನು ನೋಡುತ್ತಿದ್ದ. ಅವಳು ಗಂಡನಿಗಾಗಿ ಒಂದು ಕ್ಷಣ ನಿಂತಳು, ಅವನು ಇಳಿಯಲಿಲ್ಲ. "ನಾ ಬಸ್ಸಿಗೆ ಬರತೇನಿ" ಎಂದು ಹೇಳಿ ಗೇಟಿನ ಕಡೆ ನಡೆದಳು. ಯಮುನವ್ವ, ದತ್ತಾ ಮುಂದೆ ಹೋಗುತ್ತಿದ್ದರು. ಅವರನ್ನು ಕೂಡಿಕೊಂಡಾಗ ಯಮುನವ್ವ ಏನಾದರೂ ಒಳ್ಳೆಯ ಮಾತು ಆಡಿಯಾಳು ಎಂಬ ಆಸೆ ಮನಸ್ಸಿನ ಯಾವುದೋ ಮೂಲೆಯಲ್ಲಿ ಇತ್ತು, ಆ ಆಸೆಗೆ ಅವಳಿಗೇ ನಾಚಿಕೆಯಾಯಿತು.

"ಮುಂಜಾನೇನ ಯಾಕ ಹೇಳಲಿಲ್ರಿ?" ಎಂದಳು ಯಮುನವ್ವ, ಮುಖ ನೋಡದೆ. ಸ್ವಲ್ಪ ದೂರ ನಡೆದ ಮೇಲೆ, ತನ್ನಷ್ಟಕ್ಕೆ, "ಯಾರದೋ ಕಬ್ಬಿನ ಚಿಂತಿ ಮಾಡ್ಕೋತ ಸತ್ತಾನ. ಹುಚ್ಚ" ಎಂದಳು. ಇನ್ನೊಂದಿಷ್ಟು ನಡೆದು, "ಹಿಂದ ನಿಮ್ಮ ಗಾಡಿ ಬರಾಕತ್ತೈತ್ರಿ" ಎಂದಳು.

ರತ್ನಮಾಲಾ ತಿರುಗಿ ನೋಡಲಿಲ್ಲ. ಇಂಜಿನಿನ ಸಣ್ಣ ಸದ್ದು ಬೆನ್ನ ಹಿಂದೆ, ಅವರು ನಡೆದಷ್ಟೇ ನಿಧಾನವಾಗಿ ಬರುತ್ತಿತ್ತು. ಯಾರೂ ಹಾರ್ನ್ ಹೊಡೆಯಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ನೇಸರಿಯ ಕೆಂಪು ಬಸ್ಸು ಹೊರಡಲು ನಿಂತಿತ್ತು, ಯಮುನವ್ವ, ದತ್ತಾ ಹತ್ತಿದರು. ಇಚಲಕರಂಜಿಯ ಬಸ್ಸು ಯಾವಾಗ ಎಂದು ಅವಳು ಕೇಳಬೇಕೆನ್ನುವಷ್ಟರಲ್ಲಿ ಗಾಡಿಯ ಬಾಗಿಲು ತೆರೆದ ಸದ್ದು ಕೇಳಿ, ಧನಪಾಲ ತನ್ನ ಕಡೆಗೆ ಬರುವುದು ಕಾಣಿಸಿತು. ಕೊನೆಗೂ ಇಳಿದನಲ್ಲ. ಜೊತೆಗೆ ಬಸ್ಸಿನಲ್ಲಿ ಬರುತ್ತಾನೆ. ಅವನು ಹತ್ತಿರ ಬಂದು, ಸುತ್ತ ನೋಡಿ, ಕೈ ಚಾಚಿದ.

"ಮನೀ ಚಾವಿ ಕೊಡು" ಎಂದ.

"ಏನ್ರಿ?"

"ಚಾವಿ. ನಿನ್ನ ಪರ್ಸಿನ್ಯಾಗ ಐತಿ."

ಪರ್ಸಿನ ಜಿಪ್ಪು ಎರಡು ಸಲ ಸಿಕ್ಕಿಕೊಂಡಿತು. ಅವಳು ಚಾವಿ ಕೊಟ್ಟಳು. ಅವನ ಬೆರಳು ತಣ್ಣಗಿದ್ದವು. ಚಾವಿಯನ್ನು ಜೇಬಿಗೆ ಹಾಕಿಕೊಂಡು, ಹಾಗೇ ತಿರುಗಿ ಗಾಡಿಗೆ ಹೋಗಿ ಕೂತ. ಗಾಡಿ ಹೊರಡಲಿಲ್ಲ. ಕುಣಾಲ ಕಿಟಕಿಯ ಗಾಜು ಇಳಿಸಿ, ಅವಳು ತನ್ನ ಕಡೆ ನೋಡುವವರೆಗೆ ಕಾದು, ವಿನಯದಿಂದ ಎರಡೂ ಕೈ ಜೋಡಿಸಿದ.

ನೇಸರಿ ಬಸ್ಸಿನ ಕಂಡಕ್ಟರ್ ತಗಡು ಬಡಿದು, "ಯೇತಾ ಕಾ ಬಾಯಿ?" ಎಂದು ಕೂಗಿ, ಬರುತ್ತೀರೇನು ಎಂಬಂತೆ ಕೈ ಬೀಸಿದ. ಚಾವಿಯಿಲ್ಲದ ಪರ್ಸು ಹಿಡಿದು ರತ್ನಮಾಲಾ ಹತ್ತಿದಳು. ಯಮುನವ್ವ ಏನೂ ಕೇಳದೆ ಕಿಟಕಿಯ ಕಡೆ ಸರಿದು ಜಾಗ ಕೊಟ್ಟಳು. ಬಸ್ಸು ಸ್ಟ್ಯಾಂಡು ಬಿಟ್ಟು ನೇಸರಿಯ ರಸ್ತೆಗೆ ಹೊರಳಿದಾಗ ಹಿಂದಿನ ಸೀಟಿನಲ್ಲಿದ್ದ ದತ್ತಾ ಹಿಂಬದಿಯ ಗಾಜಿನತ್ತ ತಿರುಗಿ ನೋಡಿ, ತೊಡೆಯ ಮೇಲಿದ್ದ ರುಮಾಲನ್ನು ತೆಗೆದು ತಲೆಗೆ ಸುತ್ತಿಕೊಳ್ಳತೊಡಗಿದ. ಇಚಲಕರಂಜಿಗೆ ಹೋಗುವವರು ಹಿಡಿಯುವ ದಾರಿ ಇದಲ್ಲ. ಬಿಳಿ ಗಾಡಿಯೂ ಅದೇ ರಸ್ತೆಗೆ ಹೊರಳಿತ್ತು.